ಕರೆವ್ವನ ಹುಣಸೆ ಕೋಲು

ಹಿರೇಕೆರೂರಿನ ನಮ್ಮ ಓಣಿಯಲ್ಲಿ ದೈವದ ಭಾಂಡೆ ಅಂತ ಇದ್ದವು. ದೈವವೆಂದರೆ ಇಲ್ಲಿ ಓಣಿಯ ಜನರೇ; ಅವರೆಲ್ಲ ಕೂಡಿ ಕೊಂಡಿಟ್ಟ ತಾಮ್ರ, ಹಿತ್ತಾಳೆ ಪಾತ್ರೆಗಳು. ಯಾರ ಮನೆಯ ಮದುವೆಯಾದರೂ ಒಯ್ಯಬಹುದು, ತಂದು ಒಪ್ಪಿಸಬೇಕು. ಓಣಿಗಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಬೀಗರ ಮಾತು ತೆಗೆದುಹಾಕಲಾಗದೆ ಅವು ಹಾನಗಲ್ಲಿಗೆ, ಶಿಗ್ಗಾವಿಗೆ, ಸವಣೂರಿಗೆ ಬಸ್ಸಿನ ನೆತ್ತಿಯ ಮೇಲೆ ಕುಳಿತು ಹೋಗುತ್ತಿದ್ದವು. ಎಪ್ಪತ್ತರ ದಶಕದಲ್ಲಿ ಈ ನಾಲ್ಕು ತಾಲೂಕು ತಿರುಗಿದ್ದರಲ್ಲಿ ಓಟು ಕೇಳುವವರಿಗಿಂತ ನಮ್ಮ ಕೊಪ್ಪರಿಗೆಯೇ ಮುಂದು. ಅದರ ಗಾತ್ರವೋ! ಈ ದಡದಲ್ಲಿ ಹಾಕಿದ ಉಪ್ಪು ಆ ದಡ ಮುಟ್ಟುವುದರೊಳಗೆ ಮದುಮಕ್ಕಳಿಗೆ ಮೊಮ್ಮಕ್ಕಳಾಗುತ್ತಿದ್ದರು.

ಭಾಂಡೆ ಕೋಣೆಯ ಕೀಲಿ ಕರೆವ್ವನ ಸೊಂಟದಲ್ಲಿರುತ್ತಿತ್ತು. ಗಂಡ ಸತ್ತ ಮೇಲೆ ದೈವದವರು ಅವಳಿಗೆ ಹಚ್ಚಿದ ಕೆಲಸ. ಭಾಂಡೆ ಮರಳಿ ಬಂದಾಗ ಬರೀ ಎಣಿಸಿ ಬಿಡುವವಳಲ್ಲ. ಒಂದೊಂದನ್ನೂ ಬೋರಲು ಹಾಕಿ, ಹುಣಸೆ ಕೋಲಿನಿಂದ ಬಡಿದು, ಕಿವಿ ಹಚ್ಚುತ್ತಿದ್ದಳು. ಗಟ್ಟಿ ಭಾಂಡೆ ಠಣ್ ಎಂದು ಹಾಡುತ್ತದೆ, ಸೀಳಿದ್ದು ಕೆಮ್ಮುತ್ತದೆ. ತಂದವರು ಬಿಸಿಲಲ್ಲಿ ಕಾದು ಕಾದು ಒಣಮೆಣಸಿನಕಾಯಿ ಆಗುತ್ತಿದ್ದರು. ಕೋಲು ಸಮೀಪ ಬಂದಂತೆ ಕೆಲವರಿಗೆ ತಡೆಯಲಾಗುತ್ತಿರಲಿಲ್ಲ: “ಯವ್ವಾ, ಅದೊಂದು ಸಣ್ಣಗ ಸೀಳೈತಿ, ಬೆಸಿಗಿ ಹಾಕಿಸಿ ತರತೇವಿ!”

ದೈವದ ಹಿರಿಯ ಮೈಲಾರಪ್ಪನಿಗೆ ಇದು ಕಿರಿಕಿರಿ.

“ಎಣಿಸಿ ಒಳಗಿಡು ಬೇ. ಹೋದಷ್ಟು ಬಂದಾವು, ಮುಗೀತು.”

“ಕುರಿ ಎಣಿಸಿದ್ರ ತಲಿ ಸಿಗತಾವು ಮೈಲಾರಪ್ಪ, ರೋಗ ಸಿಗಂಗಿಲ್ಲ.”

“ನೀ ಬಡಿಯೋ ಸಪ್ಪಳಕ್ಕ ಅತ್ತ ಹಂಸಭಾವಿ ಊರೊಳಗ ಮಲಗಿದ ಕೂಸು ಏಳತೈತಿ!”

“ನನಗೂ ಸಾಕಾಗೈತೋ ಎಪ್ಪಾ. ಮೊಣಕಾಲು ಹೋದ್ವು. ಬ್ಯಾರೆದವ್ರಿಗೆ ಕೊಡು.”

ಬೇರೆ ಯಾರೂ ಸಿಗಲಿಲ್ಲ. ಕೊನೆಗೆ ಮೈಲಾರಪ್ಪ ಬಡಿಯುವುದನ್ನೇ ಬಿಡಿಸಿದ, ಎಣಿಕೆ ಸಾಕೆಂದ. ಕರೆವ್ವ ಕೋಲನ್ನು ಒಲೆಗಿಟ್ಟು ರೊಟ್ಟಿ ಬೇಯಿಸಿಕೊಂಡಳು. ಆ ಬೇಸಿಗೆಯೆಲ್ಲ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಳು. ಅವಳಿಗೂ ಕಾಲು ಇದ್ದಾವೆಂದು ಓಣಿಗೆ ಆಗಲೇ ಗೊತ್ತಾದದ್ದು. ಭಾಂಡೆಗಳು ಎಣಿಕೆಗೆ ಸರಿಯಾಗಿ ಹೋದವು, ಬಂದವು.

ಮರುವರ್ಷ ಮೈಲಾರಪ್ಪನ ಮಗಳ ಮದುವೆ. ಹಾನಗಲ್ಲಿನ ಬೀಗರು ಎಲೆ ಮುಂದೆ ಕುಳಿತಿದ್ದಾರೆ. ಕೊಪ್ಪರಿಗೆಯ ತಳದ ಸೀಳಿಗೆ ಯಾರೋ ಪುಣ್ಯಾತ್ಮರು ಅರಗು ತುಂಬಿ, ಮೇಲೆ ಮಸಿ ಬಳಿದಿದ್ದರು. ಅದು ಕರಗಿ, ಸಾರೆಲ್ಲ ಒಲೆಗೆ ನೈವೇದ್ಯವಾಯಿತು. ಆ ಹೊಗೆಗೆ ಮಾಸೂರಿನ ಮದಗದ ಕೆರೆಯ ಕೊಕ್ಕರೆಗಳೂ ಕಣ್ಣೀರಿಟ್ಟವಂತೆ. ಬೀಗರು ಬರೀ ಅನ್ನ ನೋಡುತ್ತ ಕುಳಿತರು. ಸೀಳಿದ್ದು ಶಿಗ್ಗಾವಿಯಲ್ಲೋ ಸವಣೂರಿನಲ್ಲೋ, ಹೇಳುವವರು ಯಾರು?

ಮದುವೆ ಮುಗಿದ ಮೇಲೆ ಮೈಲಾರಪ್ಪ ತಾನೇ ಹುಣಸೆ ಕೋಲು ಕಡಿದುಕೊಂಡು ಬಂದ. ನಾನು ಪಕ್ಕದ ಕಟ್ಟೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದೆ.

“ಯವ್ವಾ, ನೀನ ಬಡೀಬೇಕು.”

ಕರೆವ್ವ ಚಾಚಿದ ಕಾಲು ಮಡಚಲಿಲ್ಲ. “ನನಗ ಕಿವಿ ಮಂದಾಗಿ ಭಾಂಡೆ ಸಪ್ಪಳ ಕೇಳದ ಎಷ್ಟೋ ವರ್ಷ ಆತೋ ತಮ್ಮಾ. ನಿನ್ನಂಗ ಒದರಿದ್ರ ಅಷ್ಟ ಕೇಳತೈತಿ.”

ಮೈಲಾರಪ್ಪ ಒದರಿಯೇ ಕೇಳಿದ. “ಹಂಗಾರ ಇಷ್ಟ ದಿನ ಕಿವಿ ಹಚ್ಚತಿದ್ದೆಲ್ಲ, ಯಾಕ?”

“ತಂದವ್ರಿಗೆ ಕೇಳತಿತ್ತಲ್ಲ.”

ಅವನು ಅತ್ತಿತ್ತ ನೋಡಿ ಮೆಲ್ಲಗೆ, “ಇದನ್ನ ಯಾರ ಮುಂದೂ ಆಡಬ್ಯಾಡ,” ಎಂದ.

“ಏನಂದಿ?”

ಒದರಿದರೆ ಊರಿಗೇ ತಿಳಿಯುತ್ತದೆ. ಮೈಲಾರಪ್ಪ ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈ ಎತ್ತಿ ಮುಗಿದ. ನಾನು ಅಡಿಕೆ ಕಚ್ಚುವುದನ್ನೂ ನಿಲ್ಲಿಸಿದೆ.

ಕರೆವ್ವ ಕೋಲನ್ನು ನೋಡಿದಳು, ತನ್ನ ಕಾಲನ್ನು ನೋಡಿದಳು. ಒಂದೊಂದೇ ಕಾಲನ್ನು ಕೈಯಿಂದ ಹಿಡಿದು ಮಡಚಿ, ಗೋಡೆ ಹಿಡಿದು ಎದ್ದು, ಕೋಲಿಗೆ ಕೈ ಚಾಚಿದಳು. ಅಂಗಳದಲ್ಲಿ ಮದುವೆಯಿಂದ ಮರಳಿದ ಭಾಂಡೆಗಳು ಬಿದ್ದಿದ್ದವು.