ಬೇಕಂತಲೇ ತಪ್ಪು ಹೇಳುವ ಅತ್ತಿಗೆ

ನಮ್ಮ ಅತ್ತಿಗೆಯ ಹೊಲಿಗೆ ಕೋಣೆಗೆ ಮೊದಲ ಸಲ ಬಂದವರು ಅವರಿಗೆ ಬುದ್ಧಿ ಸ್ವಲ್ಪ ಕಡಿಮೆ ಎಂದೇ ತಿಳಿಯುತ್ತಾರೆ. ಬಂದವರನ್ನು ದೂರಿ ಫಲವಿಲ್ಲ. ಮದುವೆಗೆ ಮೊದಲಿನಿಂದಲೂ ಕತ್ತರಿ ಹಿಡಿದ ಹೆಂಗಸು ಒಬ್ಬ ಹುಡುಗಿಯ ಮುಂದೆ ನಿಂತು, "ಈ ಅಂಗಿಯ ಎರಡೂ ತೋಳನ್ನ ಎಡಗಡೆಗೇ ಹೊಲಿ" ಎಂದು ಗಂಭೀರವಾಗಿ ಹೇಳುವುದನ್ನು ಕೇಳಿದರೆ ಯಾರಿಗಾದರೂ ಹಾಗೇ ಅನ್ನಿಸೀತು. ನಾನು ಅವರ ನಾದಿನಿ. ಅದೇ ಕೋಣೆಯ ಮೂಲೆಯಲ್ಲಿ ಕೂತು ಕಾಜಾ ಮಾಡಿ ಗುಂಡಿ ಹಚ್ಚುವವಳು. ಅತ್ತಿಗೆಯನ್ನು ಆಡಿಕೊಳ್ಳುವ ಹಕ್ಕು ನನಗೊಬ್ಬಳಿಗೇ ಇದೆ, ಅದನ್ನು ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ.

ಕೋಣೆ ಹಿಂದೆ ಯಾರದೋ ಗೋದಾಮು. ಎರಡು ಸಾಲು ಹೊಲಿಗೆ ಮಿಷನ್ನು, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಕಿಟಕಿಯ ಪಕ್ಕ ಇಸ್ತ್ರಿ ಮೇಜು. ಆಸ್ಪತ್ರೆಗಳಿಗೆ ಬೇಕಾದ ಕೋಟು, ಅಂಗಿ, ದಿಂಬಿನ ಚೀಲ ನಮ್ಮಲ್ಲಿ ತಯಾರಾಗುತ್ತವೆ. ಹೊಲಿಯುವವರು ಆಶ್ರಯಮನೆಯ ಹುಡುಗಿಯರು. ಕೆಲಸ ಕೊಡಿಸುತ್ತೇವೆ, ಮದುವೆ ಮಾಡಿಸುತ್ತೇವೆ ಎಂದು ನಂಬಿಸಿ ಕರೆದೊಯ್ದು ಮಾರಿದವರ ಕೈಯಿಂದ ಪೊಲೀಸರು ಬಿಡಿಸಿ ತಂದವರು. ಅವರನ್ನು ನೋಡಲು ಆಗಾಗ ದೊಡ್ಡ ಮನುಷ್ಯರು ಬರುತ್ತಾರೆ, ತಲೆ ಓರೆ ಮಾಡಿ "ಪಾಪ" ಅನ್ನುತ್ತಾರೆ. ಪಾಪ ಅಂದವರ ಕೈಗೆ ಅತ್ತಿಗೆ ಒಂದು ಸಣ್ಣ ಕತ್ತರಿ ಕೊಟ್ಟು ಬಟ್ಟೆಯಂಚಿನ ದಾರ ಕತ್ತರಿಸಲು ಕೂರಿಸುತ್ತಾರೆ. ಹೆಚ್ಚಿನವರು ಎರಡನೇ ಸಲ ಬರುವುದಿಲ್ಲ.

ಈ ತಪ್ಪು ಹೇಳುವ ಪದ್ಧತಿ ಹುಟ್ಟಿದ್ದು ಒಂದು ನಿಜವಾದ ತಪ್ಪಿನಿಂದ. ಶುರುವಿನಲ್ಲಿ ಅತ್ತಿಗೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು: "ನಮ್ಮ ಹುಡುಗೀರು ಬಂಗಾರ ಕಣ್ರೀ, ಎದುರು ಮಾತೇ ಇಲ್ಲ!" ಒಂದು ದಿನ ಅವಸರದಲ್ಲಿ ಕಾಲರಿನ ಪಟ್ಟಿಗಳನ್ನು ಉಲ್ಟಾ ಜೋಡಿಸಿ ಕೊಟ್ಟುಬಿಟ್ಟರು. ಸಂಜೆಯ ಹೊತ್ತಿಗೆ ಇಡೀ ರಾಶಿ ಉಲ್ಟಾ ಹೊಲಿದು ಮುಗಿದಿತ್ತು. ಹೊಲಿದವಳು ಒಳ್ಳೆಯ ಕೈಚಳಕವಿದ್ದ ಹುಡುಗಿ, ಕಣ್ಣು ಮುಚ್ಚಿ ಕಾಲರು ಕೂರಿಸಬಲ್ಲವಳು.

"ಉಲ್ಟಾ ಇದೆ ಅಂತ ನಿಂಗೆ ಗೊತ್ತಾಗ್ಲಿಲ್ವೇನೇ?"

"ಗೊತ್ತಾಯ್ತು ಅಕ್ಕಾ."

"ಮತ್ತೆ ಯಾಕೆ ಹೊಲಿದೆ?"

"ನೀವು ಹೇಳಿದ್ರಲ್ಲ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಕಂಡು ನಾವು ನಗುತ್ತೇವೆ. ಆ ದಿನ ಅತ್ತಿಗೆ ನಗಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತವರು ತುತ್ತನ್ನು ಕೈಯಲ್ಲೇ ಹಿಡಿದುಕೊಂಡು, "ಎದುರು ಮಾತಾಡಿದ್ರೆ ಏನಾಗುತ್ತೆ ಅಂತ ಅವರಿಗೆ ಹೊಡೆದು ಹೊಡೆದು ಕಲಿಸಿದಾರೆ. ನಾನು ಅದನ್ನೇ ಒಳ್ಳೇ ಗುಣ ಅಂತ ಹೊಗಳ್ತಾ ಕೂತಿದ್ದೆ" ಎಂದರು. ಕಣ್ಣಲ್ಲಿ ನೀರಿತ್ತು. ನನಗೂ ಊಟ ಸೇರಲಿಲ್ಲ.

ಮರುದಿನದಿಂದ ಹೊಸ ಪದ್ಧತಿ ಶುರುವಾಯಿತು. ಹೊಲಿಗೆ ಚೆನ್ನಾಗಿ ಬಂದ ಮಾತ್ರಕ್ಕೆ ಯಾರೂ ಕಲಿಯುವವಳಿಂದ ಕೆಲಸದವಳಾಗುವಂತಿಲ್ಲ. ಅತ್ತಿಗೆ ದಿನಕ್ಕೊಂದು ತಪ್ಪು ಹೇಳುತ್ತಾರೆ. "ಇದು ಸರಿಯಿಲ್ಲ, ನಾನು ಮಾಡಲ್ಲ" ಎಂದು ಅವರ ಮುಖ ನೋಡಿ ಹೇಳಿದ ದಿನ ಆ ಹುಡುಗಿಗೆ ಬಡ್ತಿ, ಉಳಿದವರ ಚಪ್ಪಾಳೆ. ಇದು ಪರೀಕ್ಷೆ ಎಂದು ಎಲ್ಲರಿಗೂ ಗೊತ್ತು. ಗೊತ್ತಿದ್ದರೂ ಆ ಮಾತು ಬಾಯಿಂದ ಹೊರಡಲು ಕೆಲವರಿಗೆ ತಿಂಗಳುಗಟ್ಟಲೆ ಬೇಕಾಗುತ್ತದೆ. ನಮ್ಮಣ್ಣ ಮಾತ್ರ, "ಮನೇಲೂ ತಪ್ಪೇ ಹೇಳ್ತಾಳೆ, ಅದು ಬೇಕಂತ ಅಲ್ಲ" ಎಂದು ಅತ್ತಿಗೆಯ ಬೆನ್ನ ಹಿಂದೆ ಪಿಸುಗುಟ್ಟುತ್ತಾನೆ. ಎದುರಿಗೆ ಹೇಳುವ ಧೈರ್ಯ ಅವನಿಗೆ ಇನ್ನೂ ಬಂದಿಲ್ಲ.

ಈ ಪದ್ಧತಿ ಒಮ್ಮೆ ನಮಗೇ ತಿರುಗಿಬಿತ್ತು. ಆಪರೇಷನ್ ಆಗುವ ರೋಗಿಗಳಿಗೆಂದು ಬೆನ್ನ ಕಡೆ ಪೂರ್ತಿ ತೆರೆದ ಅಂಗಿ ಬೇಕೆಂದು ಆಸ್ಪತ್ರೆಯಿಂದ ಆರ್ಡರು ಬಂತು. "ಬೆನ್ನು ಬಿಟ್ಕೊಂಡು ಯಾರಾದ್ರೂ ಓಡಾಡ್ತಾರಾ ಅಕ್ಕಾ? ನಾವು ಹೊಲಿಯಲ್ಲ" ಎಂದು ಅಷ್ಟೂ ಹುಡುಗಿಯರು ಕೈಕಟ್ಟಿ ಕೂತರು. ನಿಜವಾದ ಆರ್ಡರು ಎಂದು ಅತ್ತಿಗೆ ಎಷ್ಟು ಗೋಗರೆದರೂ ಯಾರೂ ನಂಬಲಿಲ್ಲ. ಕೊನೆಗೆ ಆಸ್ಪತ್ರೆಯ ನರ್ಸೇ ಬಂದು ಹೇಳಬೇಕಾಯಿತು. ಕೆಲಸ ತಡವಾಯಿತೆಂದು ನಾನು ಕೂಗಾಡಿದೆ. ಅತ್ತಿಗೆ ದಾರಿಯುದ್ದಕ್ಕೂ ನಗುತ್ತ ಮನೆಗೆ ಬಂದರು.

ಇಂಥ ಕೋಣೆಗೆ ಬಂದು ಸೇರಿದವಳು ಚಿಕ್ಕಿ. ಹುಡುಗಿಯರು ಇಟ್ಟ ಹೆಸರು ಅದು. ವಯಸ್ಸಿಗೆ ಬಂದ ಹುಡುಗಿ, ನೋಡಲು ಮಾತ್ರ ಮಗು. ಏನು ಕೇಳಿದರೂ "ಹೂಂ". ಹಸಿವಾ? ಹೂಂ. ಊಟ ಆಯ್ತಾ? ಹೂಂ. ನಿನ್ನನ್ನು ಮಾರಿದವರು ಯಾರು ಎಂದು ಪೊಲೀಸರು ಕೇಳಿದಾಗ ಬಾಯಿ ಬಿಟ್ಟಿರಲಿಲ್ಲ. ಬೇಸತ್ತ ಅವರು "ಯಾರೋ ಗುರುತಿಲ್ಲದವರಾ?" ಎಂದಾಗ ಅದಕ್ಕೂ ಹೂಂ ಅಂದಿದ್ದಳು. ಅತ್ತಿಗೆ ಒಂದು ದಿನ "ಜೇಬಿನ ಬಾಯನ್ನ ಹೊಲಿದು ಮುಚ್ಚು" ಎಂದರು. ಚಿಕ್ಕಿ ಎಲ್ಲ ಜೇಬುಗಳನ್ನೂ ನೀಟಾಗಿ ಮುಚ್ಚಿದಳು. ಅತ್ತಿಗೆ ಬೈಯಲಿಲ್ಲ, ಪಕ್ಕದಲ್ಲೇ ಕೂತು ಒಂದೊಂದೇ ಹೊಲಿಗೆ ಬಿಚ್ಚಿದರು. ಮರುದಿನ ಇನ್ನೊಂದು ತಪ್ಪು, ಮತ್ತೆ ಬಿಚ್ಚುವುದು. ನೋಡಿ ನೋಡಿ ನನಗೆ ರೋಸಿಹೋಗಿತ್ತು.

ಅಷ್ಟರಲ್ಲಿ ಅವಳ ಸೋದರಮಾವ ಪ್ರತ್ಯಕ್ಷನಾದ. ಹುಡುಗಿಯ ತಾಯಿ ಹಾಸಿಗೆ ಹಿಡಿದಿದ್ದಾಳೆ, ಮಗಳನ್ನು ಮನೆಗೆ ಕಳಿಸಿಕೊಡಿ ಎಂದು ಆಶ್ರಯಮನೆಯ ಸಮಿತಿಯ ಮುಂದೆ ಅತ್ತ. ನಮ್ಮ ಬಾಗಿಲಿಗೂ ಬಂದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ಅವನ ಧ್ವನಿ ಕೇಳಿದೊಡನೆ ಚಿಕ್ಕಿಯ ಕಾಲು ಮಿಷನ್ನಿನ ಪೆಡಲಿನಿಂದ ಜಾರಿದ್ದನ್ನು ಅತ್ತಿಗೆಯೂ ಕಂಡರು, ನಾನೂ ಕಂಡೆ. ಆದರೆ ಜಾರಿದ ಕಾಲು ಸಾಕ್ಷಿ ಹೇಳುತ್ತದೆಯೇ? ಸಮಿತಿಯ ಅಧ್ಯಕ್ಷೆ ಸ್ಪಷ್ಟವಾಗಿ ತಿಳಿಸಿದರು: ಹುಡುಗಿಗೆ ಹದಿನೆಂಟು ತುಂಬಿದೆ, ಹೋಗುವುದು ಬಿಡುವುದು ಅವಳ ಇಷ್ಟ. ಸೋಮವಾರ ಅವಳನ್ನೇ ಕೇಳುತ್ತೇವೆ, ಅವಳು ಹೇಳಿದ್ದೇ ಕೊನೆಯ ಮಾತು.

ಏನು ಕೇಳಿದರೂ ಹೂಂ ಅನ್ನುವವಳ ಮಾತು! ನಾನು ಅತ್ತಿಗೆಯ ಬೆನ್ನು ಹತ್ತಿದೆ.

"ಅತ್ತಿಗೆ, ಬಾಯಿಪಾಠ ಮಾಡಿಸಿ. 'ನಾನು ಹೋಗಲ್ಲ' ಅಂತ ಎರಡೇ ಪದ. ನೀವು ಹೇಳ್ಕೊಟ್ರೆ ಗಿಣಿ ಥರ ಹೇಳ್ತಾಳೆ."

"ಅದೇ ಬೇಡ ಅಂತಿರೋದು. ನಾನು ಹೇಳ್ಕೊಟ್ಟಿದ್ದನ್ನ ಹೇಳೋಳು ನಾಳೆ ಅವನು ಹೇಳ್ಕೊಟ್ಟಿದ್ದನ್ನೂ ಹೇಳ್ತಾಳೆ."

"ನಾಳೆದು ನಾಳೆಗೆ! ಮೊದಲು ಸೋಮವಾರ ದಾಟಲಿ. ಅವನ ಜೊತೆ ಹೋದ್ರೆ ಮತ್ತೆ ಸಿಕ್ತಾಳಾ?"

"ಸಿಗಲ್ಲ" ಎಂದರು ಅತ್ತಿಗೆ. "ನಂಗೂ ಭಯ ಇದೆ ಕಣೇ. ಆದ್ರೆ ಅವಳ ಬಾಯಲ್ಲಿ ನಾನು ಮಾತಾಡಲ್ಲ."

ಸಿಟ್ಟಿನಿಂದ ನಾನು ಎರಡು ದಿನ ಅವರೊಡನೆ ಮಾತು ಬಿಟ್ಟೆ. ನಿಜ ಹೇಳುತ್ತೇನೆ, ಆಗ ನನಗೆ ಅವರ ಮೇಲೆ ದ್ವೇಷವೇ ಬಂದಿತ್ತು. ಹಟಕ್ಕೂ ಒಂದು ಮಿತಿ ಬೇಡವೇ? ಅವರು ಮಾತ್ರ ಎಂದಿನಂತೆ ಬಂದು ಚಿಕ್ಕಿಗೆ ದಿನದ ತಪ್ಪು ಹೇಳುತ್ತಿದ್ದರು. ಶನಿವಾರ "ಅಂಗಿಯ ಎರಡೂ ಅಂಚಿಗೆ ಗುಂಡಿಯನ್ನೇ ಹಚ್ಚು, ಕಾಜಾ ಬೇಡ" ಎಂದರು. ಚಿಕ್ಕಿಯ ಸೂಜಿ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು. ಅವಳು ಅತ್ತಿಗೆಯ ಕಡೆ ನೋಡಿದಳು. ಆಮೇಲೆ ತಲೆ ತಗ್ಗಿಸಿ ಗುಂಡಿ ಹಚ್ಚಿದಳು.

ಸೋಮವಾರ ಸಮಿತಿಯ ಕೋಣೆಯಲ್ಲಿ ಮಾವ ನಮಗಿಂತ ಮೊದಲೇ ಬಂದು ಹಣ್ಣಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನಮ್ಮಿಬ್ಬರನ್ನು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂರಿಸಿ, ಬಾಯಿ ತೆರೆಯಬಾರದೆಂದು ತಾಕೀತು ಮಾಡಿದರು. ಚಿಕ್ಕಿ ಅಧ್ಯಕ್ಷೆಯ ಎದುರು ಕುರ್ಚಿಯ ತುದಿಯಲ್ಲಿ ಕೂತಳು.

"ಬಾ ಪುಟ್ಟಿ" ಎಂದ ಮಾವ ಕಣ್ಣೊರೆಸಿಕೊಳ್ಳುತ್ತ. "ನಿಮ್ಮಮ್ಮ ನಿನ್ನ ಹೆಸರೇ ಹಿಡಿದು ಕನವರಿಸ್ತಿದ್ದಾಳೆ."

ಅಧ್ಯಕ್ಷೆ ಅವನನ್ನು ಸುಮ್ಮನಿರಿಸಿ ಕೇಳಿದರು, "ನಿಮ್ಮ ಮಾವನ ಜೊತೆ ಹೋಗ್ತೀಯೇನಮ್ಮಾ?"

"ಹೂಂ."

ಅತ್ತಿಗೆ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು. ಎದ್ದು ಕೂಗಿಬಿಡಬೇಕೆಂದು ನಾನು ಅರ್ಧ ಎದ್ದೆ. ಅವರು ನನ್ನನ್ನು ಎಳೆದು ಕೂರಿಸಿದರು. ಮಾವ ಆಗಲೇ ಚೀಲ ಎತ್ತಿಕೊಂಡು ನಿಂತಿದ್ದ. ಆ ಅಧ್ಯಕ್ಷೆಗೆ ಪುಣ್ಯ ಬರಲಿ, ಅವರು ಅಷ್ಟಕ್ಕೇ ಬಿಡಲಿಲ್ಲ.

"ನಿನಗೆ ಹೋಗೋಕೆ ಇಷ್ಟ ಇದೆಯಾ ಅಂತ ಕೇಳಿದ್ದು. ನಿಧಾನವಾಗಿ ಹೇಳು, ಇಲ್ಲಿ ಯಾರಿಗೂ ಅವಸರ ಇಲ್ಲ."

ಮೇಜಿನ ಕಾಲನ್ನೇ ನೋಡುತ್ತಿದ್ದ ಚಿಕ್ಕಿ ತಲೆ ಎತ್ತಿದಳು. ನಮ್ಮ ಕಡೆ ನೋಡಲಿಲ್ಲ, ಸೀದಾ ಮಾವನ ಮುಖವನ್ನೇ ನೋಡಿದಳು.

"ಹೋದ ಸಲನೂ ಅಮ್ಮಂಗೆ ಹುಷಾರಿಲ್ಲ ಅಂತಾನೇ ಕರ್ಕೊಂಡು ಹೋಗಿದ್ದೆ ನೀನು" ಎಂದಳು. "ಸ್ಕೂಲ್ ಹತ್ರ ಬಂದು ಕರ್ಕೊಂಡು ಹೋದೆ. ಬಸ್ಸಿಳಿದ ಮೇಲೆ ಆ ಹೆಂಗಸಿನ ಕೈಗೆ ಕೊಟ್ಟೆ. ನಾನು ನಿನ್ನ ಜೊತೆ ಬರಲ್ಲ."

ಅವಳ ಧ್ವನಿ ಅಷ್ಟು ದಪ್ಪ ಎಂದು ನನಗೆ ಅಂದೇ ಗೊತ್ತಾದದ್ದು. ಮಾವ "ಅಯ್ಯೋ, ಮಗುಗೆ ತಲೆ ಕೆಟ್ಟಿದೆ" ಎಂದು ಬಡಬಡಿಸಿದ. ತಾಯಿ ಯಾವ ಆಸ್ಪತ್ರೆಯಲ್ಲಿದ್ದಾಳೆ ಎಂದು ಅಧ್ಯಕ್ಷೆ ಕೇಳಿದರೆ ಒಮ್ಮೆ ಒಂದು ಹೆಸರು ಹೇಳಿದ, ಮತ್ತೊಮ್ಮೆ ಮನೆಯಲ್ಲೇ ಇದ್ದಾಳೆ ಎಂದ. ಬಾಗಿಲಲ್ಲಿದ್ದ ಮಹಿಳಾ ಪೊಲೀಸು ಒಳಗೆ ಬಂದು ಅವನನ್ನು ಪಕ್ಕದ ಕೋಣೆಗೆ ಕರೆದೊಯ್ದಳು. ಹಣ್ಣಿನ ಚೀಲ ಅಲ್ಲೇ ಉಳಿಯಿತು. ಯಾರೂ ಮುಟ್ಟಲಿಲ್ಲ.

ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿಕೊಂಡರು. "ಒಳ್ಳೇದಾಯ್ತಮ್ಮ. ಹಾಗಾದ್ರೆ ಇವರ ಹತ್ರಾನೇ ಹೊಲಿಗೆ ಕೆಲಸದಲ್ಲಿ ಇರ್ತೀಯಲ್ಲ?"

"ಇಲ್ಲ" ಎಂದಳು ಚಿಕ್ಕಿ.

ನಾನು ಕಿವಿ ನೆಟ್ಟಗೆ ಮಾಡಿದೆ.

"ನಂಗೆ ಹೊಲಿಗೆ ಇಷ್ಟ ಇಲ್ಲ. ದಿನಾ ಬಿಚ್ಚಿ ಬಿಚ್ಚಿ ಸಾಕಾಗಿದೆ. ಮುಂದೇನು ಮಾಡ್ಬೇಕು ಅಂತ ಯೋಚನೆ ಮಾಡಿ ಹೇಳ್ತೀನಿ."

ಹೊರಗೆ ಬಂದಮೇಲೆ ಅತ್ತಿಗೆ ಗೋಡೆಗೆ ಒರಗಿ ನಿಂತುಬಿಟ್ಟರು. "ಕೇಳಿದ್ಯೇನೇ? ಹೊಲಿಗೆ ಇಷ್ಟ ಇಲ್ವಂತೆ! ಇಷ್ಟು ಕಲಿಸಿದೆ, ಇಷ್ಟು ಬಿಚ್ಚಿದೆ!" ಎನ್ನುತ್ತ ಅಳುತ್ತಿದ್ದರು, ನಗುತ್ತಿದ್ದರು. ಅವರಿಗೆ ನೋವಾಗಿತ್ತು, ಸುಳ್ಳೇಕೆ ಹೇಳಲಿ. ತಮ್ಮ ನಂತರ ಆ ಕತ್ತರಿ ಹಿಡಿಯುವ ಕೈ ಇದೇ ಎಂದು ಮನಸ್ಸಿನಲ್ಲೇ ಎಣಿಸಿಕೊಂಡಿದ್ದರು. ಎರಡು ದಿನ ಮಾತು ಬಿಟ್ಟಿದ್ದ ನಾನು ಹೋಗಿ ಅವರ ಕೈ ಹಿಡಿದುಕೊಂಡೆ.

ಚಿಕ್ಕಿ ನಮ್ಮಿಂದ ಸ್ವಲ್ಪ ದೂರದಲ್ಲಿ ನಿಂತು ಕಾಯುತ್ತಿದ್ದಳು. ಅತ್ತಿಗೆ ಮುಖ ಒರೆಸಿಕೊಂಡ ಮೇಲೆ ಹತ್ತಿರ ಬಂದಳು.

"ಅಕ್ಕಾ, ಅಮ್ಮಂಗೆ ನಿಜವಾಗ್ಲೂ ಹುಷಾರಿಲ್ವೋ ಏನೋ. ಒಂದ್ಸಲ ನೋಡ್ಬೇಕು. ನೀವು ಜೊತೆಗೆ ಬರ್ತೀರಾ?" ಎಂದಳು. ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಅವಳೇ ಮತ್ತೆ ಹೇಳಿದಳು, "ಇಷ್ಟ ಇಲ್ದಿದ್ರೆ ಬರಲ್ಲ ಅನ್ನಿ. ನಾನೇನೂ ಅಂದ್ಕೊಳ್ಳಲ್ಲ."

ಅತ್ತಿಗೆ ತಿರುಗಿ ಒಳಗೆ ಹೋಗಿ, ತಾಯಿಯನ್ನು ವಿಚಾರಿಸಲು ಪೊಲೀಸರು ಚಿಕ್ಕಿಯ ಊರಿಗೆ ಯಾವಾಗ ಹೊರಡುತ್ತಾರೆ, ಗಾಡಿಯಲ್ಲಿ ಅವಳ ಜೊತೆ ತಮಗೂ ಜಾಗವಿದೆಯೇ ಎಂದು ಅಧ್ಯಕ್ಷೆಯನ್ನು ಕೇಳಿಕೊಂಡು ಬಂದರು.