ಕಲ್ಲಿನ ಕೆಳಗಿನ ಬೇರು

ಅಕ್ಟೋಬರ್ ತಿಂಗಳ ಎರಡನೆಯ ಶನಿವಾರ, ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಆರ್ಡಿಸ್ ಅಡುಗೆಮನೆಯಲ್ಲಿ ಗಾಜಿನ ಕಾಲಿನ ಸ್ಟೂಲಿನ ಮೇಲೆ ನಿಂತು ಕಾಫಿ ಫ್ಲಾಸ್ಕ್ ಇಳಿಸುತ್ತಿದ್ದಳು. ಸಿಡಿಲು ಬಡಿಯುವಾಗ ಮೈಗೆ ವಿದ್ಯುತ್ ಹರಿಯದಂತೆ ಕಾವಲುಗೋಪುರದಲ್ಲಿ ಹತ್ತಿ ನಿಲ್ಲಲೆಂದೇ ಮಾಡಿದ ಸ್ಟೂಲು ಅದು. ಕೇಟ್ ಗುಡ್ಡದ ಗೋಪುರದಲ್ಲಿ ಇಪ್ಪತ್ತೇಳು ಬೇಸಿಗೆ ಒಬ್ಬಳೇ ಕೂತು, ಕ್ಯಾಸ್ಕೇಡ್ ಪರ್ವತಗಳ ಕಾಡಿನಲ್ಲಿ ಎಲ್ಲಿ ಹೊಗೆ ಎದ್ದರೂ ರೇಡಿಯೊದಲ್ಲಿ ತಿಳಿಸುವುದು ಅವಳ ಕೆಲಸವಾಗಿತ್ತು. ಕೆಲಸ ಬಿಟ್ಟು ಎರಡು ವರ್ಷ. ಬರುವಾಗ ಮನೆಗೆ ತಂದದ್ದು ಆ ಸ್ಟೂಲನ್ನು ಮಾತ್ರ.

ಹೊರಗೆ ತಮ್ಮ ವರ್ಲಿನ್ ಪಿಕಪ್‌ನ ಹಾರ್ನ್ ಒತ್ತಿದ.

"ಹತ್ತು ನಿಮಿಷ ತಡ," ಎಂದಳು ಆರ್ಡಿಸ್, ಗಾಡಿ ಹತ್ತುತ್ತಾ.

"ಬರೆದಿಟ್ಕೊ."

"ಆಗಲೇ ಬರೆದಾಯ್ತು." ಜೇಬಿನ ಪುಟ್ಟ ಪುಸ್ತಕ ತೋರಿಸಿದಳು. ಅವನು ನಕ್ಕ, ಆದರೆ ಎಂದಿನಂತೆ ನಗಲಿಲ್ಲ.

ಕಪ್ಪು ಲಾವಾ ಬಂಡೆಗಳ ನಡುವೆ ಮೇಪಲ್ ಗಿಡಗಳು ಕೆಂಪಾಗುವ ಹೊತ್ತಿಗೆ ಅಕ್ಕ ತಮ್ಮ ಒಂದು ದಿನ ಘಟ್ಟ ಹತ್ತಿ ಬರುವುದು ಹಳೆಯ ರೂಢಿ. ಕಾಡ್ಗಿಚ್ಚಿನ ನಂತರ ಎರಡು ವರ್ಷ ಮುಚ್ಚಿದ್ದ ರಸ್ತೆ ಬುಧವಾರವಷ್ಟೇ ತೆರೆದಿತ್ತು.

ಪೆಟ್ರೋಲ್ ಬಂಕಿನಲ್ಲಿ ಓರಿನ್ ಗಾಜು ಒರೆಸುತ್ತಾ ಕಣಿವೆಯ ಕಡೆ ಗದ್ದ ಎತ್ತಿದ. "ಏನಮ್ಮಾ ಆರ್ಡಿಸ್, ಅಲ್ಲಿ ಏಳ್ತಿರೋದು ಮಂಜೋ ಹೊಗೆಯೋ? ನೀನೇ ಹೇಳ್ಬೇಕು."

"ಗಾಜು ಸರಿಯಾಗಿ ಒರೆಸು ಓರಿನ್, ಆಮೇಲೆ ಹೇಳ್ತೀನಿ," ಎಂದಳು.

ಆ ಕುಹಕಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಆಗಸ್ಟ್‌ನಲ್ಲಿ ಲಾವಾ ಬಯಲಿನ ಅಂಚಿನ ಒಂದು ಪೈನ್ ಮರಕ್ಕೆ ಸಿಡಿಲು ಬಡಿದಾಗ ಆರ್ಡಿಸ್ ತಕ್ಷಣ ತಿಳಿಸಿದ್ದಳು. ಆಗ ಅರಣ್ಯ ಇಲಾಖೆಯಲ್ಲಿ ಬೆಂಕಿ ಆರಿಸುವ ತಂಡದ ಮುಖ್ಯಸ್ಥನಾಗಿದ್ದ ವರ್ಲಿನ್ ಹೋಗಿ ಆರಿಸಿದ್ದ. ಮೂರು ದಿನದ ನಂತರ ತುಂತುರು ಮಳೆಯಾದ ಬೆಳಗ್ಗೆ ಕಾಡಿನ ತುಂಬ ಮಂಜಿನಂಥ ಬಿಳಿ ಎಳೆಗಳು ಎದ್ದವು. ಒಂದು ಎಳೆ ಆ ಪೈನ್ ಮರದ ಪಕ್ಕದ ಬಂಡೆಸಾಲಿನ ಆಚೆ ಬದಿಯಲ್ಲಿತ್ತು. ಬಿಸಿಲೇರಿದರೆ ಮಂಜು ಕರಗುತ್ತದೆ, ಹೊಗೆ ಕರಗುವುದಿಲ್ಲ. ಕಾದು ನೋಡಬೇಕು ಎನ್ನುವುದು ಕಾವಲಿನವರ ಪಾಠ. ಅವಳು ಕಾದಳು. ಅಷ್ಟರಲ್ಲಿ ಮೂಡಣ ಗಾಳಿ ಬೀಸಿ ಬೆಂಕಿ ಭುಗಿಲೆದ್ದಿತು. ಅವರ ಊರಾದ ಹಾಬ್ಸನ್‌ನ ಅರವತ್ತಮೂರು ಮನೆಗಳು ಸುಟ್ಟವು. ಹೊಸದೊಂದು ಸಿಡಿಲು ಬಡಿದಿರಬೇಕು ಎಂದು ತನಿಖೆಯವರು ಬರೆದರು. ಎಷ್ಟು ಹೊತ್ತು ಸುಮ್ಮನಿದ್ದೆ ಎಂದು ಶಾಲೆಯ ಸಭೆಯಲ್ಲಿ ಊರಿನವರು ಕೇಳಿದಾಗ ಆರ್ಡಿಸ್ ಎದ್ದು ನಿಂತು ಉತ್ತರ ಕೊಟ್ಟಿದ್ದಳು. ಅಂದಿನಿಂದ ಅವಳು ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಊರನ್ನು ಸುಟ್ಟವಳು ತಾನೇ ಎಂದು ಅವಳೂ ನಂಬಿದ್ದಳು.

ಘಟ್ಟದ ಕೊನೆಯ ತಿರುವು ದಾಟಿದಾಗ ಅವಳ ಕೈ ತಾನಾಗಿ ಗಾಡಿಯ ಹಿಡಿ ಹಿಡಿಯಿತು.

"ನಿಲ್ಸು, ವರ್ಲಿನ್. ಇದು ಯಾವ ಜಾಗ?"

"ಕೇಟ್ ಗುಡ್ಡದ ತೆಂಕಣ ಮಗ್ಗುಲು, ಆರ್ಡಿ."

ಇಪ್ಪತ್ತೇಳು ಬೇಸಿಗೆ ದಿನಕ್ಕೆ ಹದಿನಾಲ್ಕು ಗಂಟೆ ನೋಡಿದ ಮಗ್ಗುಲು ಅವಳಿಗೆ ಗುರುತೇ ಸಿಗಲಿಲ್ಲ. ಕಾಡಿನ ಹೊದಿಕೆ ಹೋಗಿ ಬೆಟ್ಟ ಕುಗ್ಗಿದಂತಿತ್ತು. ಬೆನ್ನುಸಾಲಿನ ಮೇಲೆ ಸುಟ್ಟ ಕಾಂಡಗಳು ಬಾಚಣಿಗೆಯ ಹಲ್ಲಿನಂತೆ ನಿಂತಿದ್ದವು. ಹಲ್ಲುಗಳ ಸಂದಿನಲ್ಲಿ ಆಕಾಶ ಕಾಣುತ್ತಿತ್ತು. ಬುಡದಲ್ಲಿ ಮೇಪಲ್ ಮಾತ್ರ ಏನೂ ಆಗಿಲ್ಲವೆಂಬಂತೆ ಕೆಂಪಾಗಿತ್ತು.

"ಇಷ್ಟೆಲ್ಲ ನಾನು ಮಾಡಿದ್ದಾ?"

ವರ್ಲಿನ್ ಮತ್ತೆ ಗಾಡಿ ಹೊರಡಿಸಿದ. ಒಂದು ಮೈಲಿ ಮುಂದೆ ಹೋಗಿ ಗಾಡಿ ನಿಲ್ಲಿಸಿ, "ಕೋಲು ತಗೊ, ಇಳಿ," ಎಂದ.

ಅವನು ಅಂದು ಆರಿಸಿದ ಪೈನ್ ಮರದ ಬುಡ ಅಲ್ಲಿತ್ತು. ಅದರ ಪಕ್ಕದಲ್ಲೇ ಹದಿನೈದು ಹೆಜ್ಜೆ ಅಗಲದ ಲಾವಾ ಬಂಡೆಯ ಸಾಲು. ಬುಡದ ಸುತ್ತ ನೆಲದಲ್ಲಿ ತೋಳಿನಷ್ಟು ದಪ್ಪದ ತೂತುಗಳು. ಬೇರು ಪೂರ್ತಿ ಉರಿದುಹೋಗಿ, ಬೇರಿದ್ದ ಜಾಗ ಕೊಳವೆಯಾಗಿ ಉಳಿದಿತ್ತು. ಒಂದು ತೂತು ಬಂಡೆಯ ಕೆಳಕ್ಕೆ ಹೋಗಿತ್ತು. ಆರ್ಡಿಸ್ ಕೋಲು ತೂರಿಸಿದಳು. ಪೂರ್ತಿ ಒಳಗೆ ಹೋಯಿತು, ತಳ ಸಿಗಲಿಲ್ಲ. ಹೊರತೆಗೆದಾಗ ತುದಿಗೆ ಮಸಿ. ಬಂಡೆ ಹತ್ತಿ ಆಚೆ ಇಳಿದಳು. ಅಲ್ಲೊಂದು ತೂತು ಬಾಯಿ ತೆರೆದಿತ್ತು. ಅದರ ಎದುರಿನಿಂದಲೇ ಕರಿ ನೆಲ ಬೀಸಣಿಗೆಯಂತೆ ಹರಡುತ್ತಾ ಊರಿನ ಕಡೆಗೆ ಇಳಿದಿತ್ತು.

ಅವಳು ಬಂಡೆಯ ಮೇಲೆ ಕೂತಳು. ಹೊಸ ಸಿಡಿಲಲ್ಲ. ವರ್ಲಿನ್ ಆರಿಸಿದ್ದ ಅದೇ ಬೆಂಕಿ, ಬೇರಿನಲ್ಲೇ ಉರಿಯುತ್ತಾ ಬಂಡೆಯ ಕೆಳಗೆ ದಾಟಿತ್ತು.

"ಮೂರು ಕಡೆ ಅಂಗೈ ಹಿಂಭಾಗ ಇಟ್ಟು ಮುಟ್ಟಿ ನೋಡ್ದೆ, ತಣ್ಣಗಿತ್ತು," ಎಂದ ವರ್ಲಿನ್. "ನಾಲ್ಕನೇ ಕಡೆ ಕಲ್ಲು. ಕಲ್ಲಿಗೆ ಬೆಂಕಿ ಹತ್ತುತ್ತಾ ಅಂತ ಬಿಟ್ಟೆ. 'ಆರಿದೆ' ಅಂತ ರೇಡಿಯೊದಲ್ಲಿ ಹೇಳಿ ಮನೆಗೆ ಬಂದು ಮಲಗ್ದೆ."

"ಯಾವಾಗಿಂದ ಗೊತ್ತು?"

"ಈ ತೂತು ನೋಡಿದ್ದು ಜೂನ್‌ನಲ್ಲಿ, ರಸ್ತೆ ಬದಿ ಮರ ಕಡಿಯೋಕೆ ಬಂದಾಗ. ಅನುಮಾನ ಮಾತ್ರ ಮೊದಲ ದಿನದಿಂದ."

"ಎರಡು ವರ್ಷ ನನ್ನ ಕೈಯಲ್ಲಿ ಊಟ ಮಾಡ್ಕೊಂಡು ಬಾಯಿ ಮುಚ್ಕೊಂಡಿದ್ಯಲ್ಲೋ!"

"ಬಾಯಿ ಬರ್ಲಿಲ್ಲ ಆರ್ಡಿ. ಬೇಕಾದ್ರೆ ಹೊಡಿ."

ಹೊಡೆಯಲಿಲ್ಲ. ಪುಸ್ತಕ ತೆಗೆದು ಗಂಟೆ ಬರೆದಳು: ಹನ್ನೊಂದು ನಲವತ್ತೇಳು. ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಸುರಿದು, ಅರ್ಧ ಕುಡಿದು, ಉಳಿದದ್ದನ್ನು ಅವನ ಮುಂದೆ ಹಿಡಿದಳು.

"ನಾನು ಕಾದಿದ್ದು ಕಾದಿದ್ದೇ. ಅದು ನನ್ನ ಲೆಕ್ಕ, ಬೇರೆ ಯಾರ ತಲೆಗೂ ಕಟ್ಟಲ್ಲ. ಬೆಂಕಿ ಬೇರಲ್ಲಿ ಉಳಿದ ಆ ಮೂರು ದಿನದ ಲೆಕ್ಕ ನೀನು ಕೊಡ್ಬೇಕು. ಗುರುವಾರ ಊರಿನವರೆಲ್ಲ ಸೇರೋ ಊಟ ಇದೆ. ಓರಿನ್ ಎದುರಿಗೇ ಎದ್ದು ನಿಂತು ಹೇಳ್ತೀಯ."

"ಅಷ್ಟು ಜನರ ಮುಂದೆ ಹೇಗೆ ಹೇಳ್ಲಿ?"

"ಶಾಲೆ ಸಭೇಲಿ ನಾನು ಹೇಗೆ ಹೇಳ್ದೆ? ನೀನು ಮೂರನೇ ಸಾಲಲ್ಲೇ ಕೂತಿದ್ದೆ. ಮೊದಲು ನನ್ನದನ್ನ ಹೇಳಿ ಬಾಯಿ ಅಭ್ಯಾಸ ಮಾಡ್ಕೊ. ಎಷ್ಟು ಹೊತ್ತು ಸುಮ್ಮನಿದ್ದೆ ಅಂತ ಕೇಳಿದಾಗ ಎದ್ದು ನಿಂತು ನಾನು ಏನಂದೆ?"

ವರ್ಲಿನ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ನಲವತ್ತು ನಿಮಿಷ."