ಅಕ್ಕನ ಗದ್ದೆಯ ಕೈಪಂಪು

ಸುಟ್ಟ ಮೋಟರು ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು ನಾನು. ಶಿರಸಿ ಪೇಟೆಯಲ್ಲಿ ನನ್ನದೊಂದು ರಿವೈಂಡಿಂಗ್ ಅಂಗಡಿಯಿದೆ. ವೋಲ್ಟೇಜು ಏರಿದರೂ ನನಗೆ ಕೆಲಸ, ಇಳಿದರೂ ಕೆಲಸ. ಅಂಥವನು ಕರೆಂಟೇ ಬೇಡದ ಪಂಪು ಮಾಡಲು ಕೂತರೆ ಜನ ನಗದೆ ಬಿಡುತ್ತಾರೆಯೇ? ಬನವಾಸಿ ಕಡೆಯ ಗಿರಾಕಿಯೊಬ್ಬರು ಸುಟ್ಟ ಮೋಟರು ಇಳಿಸಲು ಬಂದವರು ನನ್ನ ಕೈಯಲ್ಲಿದ್ದ ಪಿವಿಸಿ ಪೈಪು, ಕತ್ತರಿ, ಹವಾಯಿ ಚಪ್ಪಲಿ ಮೂರನ್ನೂ ನೋಡಿ, "ಏನ್ರೀ, ಮೋಟಾರ್ ಬಿಟ್ಟು ಚಪ್ಪಲಿ ರಿಪೇರಿ ಹಚ್ಚೀರೇನು?" ಎಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಾಡಿದ್ದು ಆಗುವ ಕೆಲಸಕ್ಕೆ "ಮುಂದಿನ ವಾರ ಬನ್ನಿ" ಎಂದುಬಿಟ್ಟೆ. ಆಮೇಲೆ ಮನಸ್ಸು ತಡೆಯದೆ ಮೂರನೇ ದಿನಕ್ಕೇ ಫೋನು ಮಾಡಿ ಕರೆದೆ ಅನ್ನಿ.

ಪಂಪು ಬೇಕಾಗಿದ್ದು ನನ್ನ ಅಕ್ಕನಿಗೆ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು, ನನ್ನ ಭುಜಕ್ಕೂ ಬರದಷ್ಟು ಕುಳ್ಳಿ. ಅವಳನ್ನು ಕೊಟ್ಟಿದ್ದು ಹೆಗಡೆಕಟ್ಟಾ ಕಡೆ. ಮನೆಯ ಕೆಳಗೆ ಅವರದ್ದೊಂದು ಹತ್ತು ಗುಂಟೆ ಗದ್ದೆ. ಭತ್ತ ಕೊಯ್ದು ಮುಗಿದ ಮೇಲೆ ಆ ಗದ್ದೆ ಪೂರ್ತಿ ಅಕ್ಕನ ರಾಜ್ಯ. ಸೌತೆ, ಬದನೆ, ಹರಿವೆ, ಮೊಗೆಕಾಯಿ, ಅಂಚಿಗೊಂದು ಸಾಲು ಬೆಂಡೆ. ಗದ್ದೆಯ ಮೂಲೆಯಲ್ಲಿ ಒಂದೂವರೆ ಆಳು ಆಳದ ಹೊಂಡ. ಅದಕ್ಕಿಳಿದು, ಎರಡು ಕೈಗೆ ಎರಡು ಕೊಡ ಹಿಡಿದು ಹತ್ತಿ ಬಂದು, ಬುಡಬುಡಕ್ಕೆ ನೀರು ಹೊಯ್ಯುತ್ತಿದ್ದಳು. ಮದುವೆಯಾಗಿ ಬಂದ ಬೇಸಿಗೆಯಿಂದ ಅದೇ ಕ್ರಮ.

ಹೋದ ವರ್ಷ ಅವಳ ಬಲಭುಜ ಹಿಡಿದುಕೊಂಡಿತು. ಕೈಯನ್ನು ಎದೆಗಿಂತ ಮೇಲೆ ಎತ್ತಬೇಡಿ, ಕೊಡದ ತಂಟೆಗೆ ಹೋಗಲೇಬೇಡಿ ಎಂದರು ಡಾಕ್ಟರು. ಭಾವ, ಅಂದರೆ ಅಕ್ಕನ ಗಂಡ, ಅವತ್ತೇ ತೀರ್ಮಾನ ಮಾಡಿದರು: ಗದ್ದೆಗೂ ಅಡಿಕೆ ಹಾಕುವುದು. ಸಸಿ ತಂದು ಮನೆ ಹಿಂದೆ ಸಾಲಾಗಿ ಇಟ್ಟೂ ಆಯಿತು. ಮೇ ತಿಂಗಳಲ್ಲಿ ಗುಂಡಿ ತೋಡಲು ಆಳುಗಳಿಗೆ ದೀಪಾವಳಿಗೇ ಹೇಳಿಯೂ ಆಯಿತು. ಭಾವ ಕೆಟ್ಟವರಲ್ಲ. ಹೆಂಡತಿ ನೋವಿನಿಂದ ಮುಲುಗುವುದನ್ನು ಅವರಿಗೆ ನೋಡಲಾಗುತ್ತಿರಲಿಲ್ಲ. ಆದರೆ ಕೈ ನೋವಿಗೆ ಗದ್ದೆ ಕಿತ್ತುಕೊಳ್ಳುವ ಔಷಧ ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ.

ಅಕ್ಕ ಊಟ ಬಿಟ್ಟಳು, ಮಾತು ಬಿಟ್ಟಳು. ಕೊನೆಗೆ ಭಾವ ಅರ್ಧ ದಾರಿಗೆ ಬಂದರು. "ಈ ಬ್ಯಾಸಿಗೆ ಕೊಡ ಮುಟ್ಟದ್ದೇ ನೀನೇ ನೀರು ಹಾಕಿ ಬೆಳೆಸಿದ್ರೆ ನೋಡನ. ಆಗದ್ದೇ ಹೋದ್ರೆ ಅಡಿಕೆ."

ಅಕ್ಕ ನನಗೆ ಫೋನು ಮಾಡಿದಳು. "ತಮಾ, ಯಂಗೊಂದು ಪಂಪ್ ಬೇಕು."

ಪಂಪು ತಾನೇ? ನನ್ನ ಅಂಗಡಿಯಲ್ಲಿ ಪಂಪಿಗೇನು ಬರಗಾಲ! ಗದ್ದೆಗೆ ಕರೆಂಟಿನ ಕಂಬ ಇಲ್ಲವೆಂದು ಸಣ್ಣದೊಂದು ಪೆಟ್ರೋಲ್ ಪಂಪು ಬೈಕಿಗೆ ಕಟ್ಟಿಕೊಂಡು ಹೋದೆ. ಹೊಂಡಕ್ಕೆ ಪೈಪು ಬಿಟ್ಟು, ಹಗ್ಗ ಎಳೆದು ಚಾಲು ಮಾಡಿದೆ. ಎಂಟೇ ನಿಮಿಷ. ಹೊಂಡದ ನೀರು ಮುಗಿದು, ರಾಡಿ ಬಂದು, ಪೈಪಿನ ಬಾಯಿಗೆ ಕಪ್ಪೆಯೊಂದು ಸಿಕ್ಕಿಕೊಂಡು ಪಂಪು ಕೆಮ್ಮಿ ನಿಂತಿತು. ಬರಿದಾದ ಹೊಂಡ ಮತ್ತೆ ತುಂಬಲು ಅರ್ಧ ದಿನ ಬೇಕು. ಸಾಲದ್ದಕ್ಕೆ ಆ ಚಾಲೂ ಮಾಡುವ ಹಗ್ಗ ಜಗ್ಗಲು ಗಟ್ಟಿ ಭುಜ ಬೇಕು. ಕಪ್ಪೆಯನ್ನು ಬಿಡಿಸಿ ಅಂಚಿಗೆ ಬಿಟ್ಟು, ತೆಪ್ಪಗೆ ಪಂಪು ಕಟ್ಟಿಕೊಂಡು ವಾಪಸು ಬಂದೆ. ಬೇಕಾಗಿದ್ದು ಜೋರಿನ ಪಂಪಲ್ಲ, ನಿಧಾನದ ಪಂಪು ಎಂಬುದಷ್ಟು ತಲೆಗೆ ಹೋಗಿತ್ತು.

ಮೊಬೈಲಿನಲ್ಲಿ ನೋಡಿದೆ. ಯಾವುದೋ ದೇಶದ ರೈತ ಎರಡಿಂಚಿನ ಪೈಪಿನೊಳಗೆ ಸಪೂರ ಪೈಪೊಂದನ್ನು ಇಳಿಸಿ, ಮೇಲೆ ಕೆಳಗೆ ಆಡಿಸಿ ನೀರೆತ್ತುತ್ತಿದ್ದ. ಕೆಳಗೊಂದು ಗೋಲಿ, ಒಳಪೈಪಿನ ತುದಿಗೊಂದು ಗೋಲಿ. ನೀರು ಮೇಲೆ ಬರುವಾಗ ಗೋಲಿ ಎದ್ದು ದಾರಿ ಕೊಡುತ್ತದೆ, ಕೆಳಗೆ ಹೋಗಲು ನೋಡಿದರೆ ಕೂತು ಬಾಗಿಲು ಹಾಕುತ್ತದೆ. ಒಳಪೈಪಿನ ಸುತ್ತ ಬಿಗಿಯಾಗಿ ಕೂರಲು ರಬ್ಬರಿನ ವಾಶರು. ಇಷ್ಟೇ. ಮೂವತ್ತು ವರ್ಷ ತಾಮ್ರದ ತಂತಿ ಸುತ್ತಿದವನಿಗೆ ಇದೊಂದು ಕೆಲಸವೇ ಎಂದುಕೊಂಡೆ. ಅಂಗಡಿಯ ಮುಂದೆ ಡ್ರಮ್ಮಿನಲ್ಲಿ ನೀರು ತುಂಬಿಸಿ ಪರೀಕ್ಷೆಗೆ ನಿಂತೆ. ಗಮ್ಮು ಒಣಗುವ ತನಕ ಕಾಯುವ ತಾಳ್ಮೆ ನನಗೆಲ್ಲಿಯದು? ನಾಲ್ಕನೇ ಒತ್ತಿಗೆ ಪೈಪಿನ ತಲೆಗೆ ಅಂಟಿಸಿದ್ದ ಬಾಗಿದ ತುಂಡು ಹಾರಿತು, ನೀರು ನೇರ ಅಂಗಡಿಯೊಳಗೆ ನುಗ್ಗಿ, ಆಗ ತಾನೇ ಸುತ್ತಿ ಪರೀಕ್ಷೆಗೆ ಹಚ್ಚಿಟ್ಟಿದ್ದ ಮೋಟರಿನ ಮೇಲೆ ಬಿತ್ತು. ಚಟಾರ್! ಅವತ್ತು ನನ್ನ ಅಂಗಡಿಯಲ್ಲಿ ನಾನೇ ಒಂದು ಮೋಟರು ಸುಟ್ಟೆ.

ಎರಡನೇ ಸಲ ಸರಿಯಾಯಿತು. ಪಂಪನ್ನು ಒಯ್ದು ಹೊಂಡದಲ್ಲಿ ನಿಲ್ಲಿಸುವಾಗ ಭಾವ ಅಂಚಿನ ಮೇಲೆ ಕೂತು ವಾಶರನ್ನೇ ದಿಟ್ಟಿಸಿದರು. ನಮ್ಮಲ್ಲಿ ಅಕ್ಕನ ಗಂಡನೂ ಭಾವ, ಹೆಂಡತಿಯ ತಮ್ಮನೂ ಭಾವ.

"ಭಾವ, ಅದು ಚಪ್ಪಲಿ ಅಲ್ದಾ?"

"ರಬ್ಬರ್, ಭಾವ."

"ಚಪ್ಪಲಿ ಮುಟ್ಟಿದ ನೀರಲ್ಲಿ ಬೆಳೆದ ಸೌತೆಕಾಯಿ ದೇವ್ರ ಮುಂದೆ ಹೆಂಗೆ ಇಡದು?"

"ಹೊಸ ಚಪ್ಪಲಿ ಭಾವ, ಯಾರೂ ಮೆಟ್ಟಿದ್ದಲ್ಲ."

ಭಾವ ಕಣ್ಣು ಮುಚ್ಚಿ ಯೋಚಿಸಿದರು. "ಮೆಟ್ಟದ್ದೇ ಇದ್ರೆ ಅಡ್ಡಿಲ್ಲೆ" ಎಂದು ಅಪ್ಪಣೆ ಕೊಟ್ಟರು. ನಾನು ಅವತ್ತು ಬರಿಗಾಲಲ್ಲಿ ಬಂದಿದ್ದನ್ನು ಅವರು ಗಮನಿಸದೆ ಇದ್ದದ್ದು ನನ್ನ ಪುಣ್ಯ.

ಪಂಪು ನೀರೆತ್ತಿತು! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಿಡಿಕೆ ಹಿಡಿದು ನಾನು ಹೊಡೆದೆ, ಭಾವ ಹೊಡೆದರು, ಪಕ್ಕದ ಮನೆಯವರು ಬಂದು ಹೊಡೆದರು. ಸಂಜೆಯೊಳಗೆ ಸುದ್ದಿ ಊರೆಲ್ಲ ಹಬ್ಬಿತು. ನಾನು ಪೇಟೆಗೆ ಮರಳಿ ಸಿಕ್ಕಸಿಕ್ಕ ಗಿರಾಕಿಗೆ ಪಂಪಿನ ವರ್ಣನೆ ಮಾಡುತ್ತ ನಾಲ್ಕು ದಿನ ಕಳೆದೆ. ಐದನೇ ದಿನ, ಹೊಗಳಿಸಿಕೊಳ್ಳುವ ಆಸೆ ತಡೆಯದೆ, ಅಕ್ಕನ ಮನೆಗೆ ಬೈಕು ಬಿಟ್ಟೆ.

ಗದ್ದೆಯಲ್ಲಿ ಬದನೆ ಸಸಿ ತಲೆ ಬಗ್ಗಿಸಿ ನಿಂತಿತ್ತು. ಸೌತೆ ಬಳ್ಳಿ ಸುರುಟಿತ್ತು. ಹೊಂಡ ಬರಿದು. ಅಕ್ಕ ಕೈಯಲ್ಲಿ ಲೋಟಗಳ ತಟ್ಟೆ ಹಿಡಿದು ಅಂಚಿನ ಮೇಲೆ ನಿಂತಿದ್ದಳು.

"ಎಂತ ಆತೇ ಅಕ್ಕಾ?"

"ಎಂತ ಆಗವು? ಪಂಪ್ ನೋಡಲೆ ಬಂದವ್ವು ಎಲ್ಲ 'ಒಂಚೂರು ಹೊಡೆದು ನೋಡ್ತೆ' ಹೇಳಿ ಹೊಡೆದು, ಒಂಬತ್ತು ಗಂಟೆಗೇ ಹೊಂಡ ಬರಿದು ಮಾಡಿಕ್ಕಿ ಹೋಗ್ತ. ಬಂದವ್ಕೆಲ್ಲ ಆಸರಿಗೆ ಕೊಡಡದಾ? ನಿನ್ನೆ ಒಂದೇ ದಿನ ಹದಿನೆಂಟು ಜನ. ಇಷ್ಟು ದಿನ ನೀರು ಹೊರ್ತಿದ್ದೆ, ಈಗ ಚಾ ಹೊರ್ತಾ ಇದ್ದೆ!"

ನಮ್ಮ ಕಡೆ ಮನೆಗೆ ಬಂದವರನ್ನು ಆಸರಿಗೆ, ಅಂದರೆ ಚಹಾ, ಕಷಾಯ, ಮಜ್ಜಿಗೆ ಏನಾದರೊಂದು ಕುಡಿಯಲು ಕೊಡದೆ ಕಳಿಸುವುದಿಲ್ಲ. ಶ್ರಮ ಉಳಿಸುವ ಯಂತ್ರ ನೋಡಲು ಬಂದವರ ಲೋಟ ತೊಳೆದು ತೊಳೆದು ಅಕ್ಕನ ಭುಜ ಇನ್ನಷ್ಟು ಹಿಡಿದುಕೊಂಡಿತ್ತು. ನಾನು ನಗಲು ಹೋದೆ. ಅವಳ ಮುಖ ನೋಡಿ ಪಂಪಿನ ಪೈಪು ಒರೆಸತೊಡಗಿದೆ.

"ಅದು ಇರ್ಲಿ. ಒಂದು ಸಲನಾದ್ರೂ ಯನ್ನ ಕೈಲ್ಲಿ ಹೊಡೆಸಿ ನೋಡಿದ್ಯ ನೀನು?"

ಇರಲಿಲ್ಲ. ನಾನು ನೋಡಿದ್ದೆ, ಭಾವ ನೋಡಿದ್ದರು, ಊರಿನ ಗಂಡಸರೆಲ್ಲ ನೋಡಿದ್ದರು. ಅಕ್ಕ ತಟ್ಟೆ ಕೆಳಗಿಟ್ಟು ಹಿಡಿಕೆ ಹಿಡಿದಳು. ನನ್ನ ಎತ್ತರಕ್ಕೆ ಮಾಡಿದ ಹಿಡಿಕೆ, ಮೇಲೆ ಹೋದಾಗ ಅವಳ ನೆತ್ತಿ ದಾಟುತ್ತಿತ್ತು. ಎರಡು ಸಲ ಎತ್ತಿದಳು. ಮೂರನೆಯದಕ್ಕೆ ತುಟಿ ಕಚ್ಚಿ ಕೈ ಬಿಟ್ಟಳು. ನನಗೆ ನಾಚಿಕೆಯಾಯಿತು. ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರೂ ಬಂತು.

"ಅಳತೆ ಯಾರದ್ದು ತಗಂಡಿದ್ದೆ?"

"ಯನ್ನದೇಯ."

"ನೀ ರವಿಕೆ ಹೊಲಿಯಂವ ಆಗಿದ್ರೆ ನಿನ್ನ ಅಂಗಡಿ ಎಂದೋ ಮುಚ್ಚಿ ಹೋಗ್ತಿತ್ತು, ಮಳ್ಳ!"

ಆಮೇಲೆ ನನ್ನನ್ನು ಅಡುಗೆ ಮನೆಗೆ ಕರೆದುಕೊಂಡು ಹೋದಳು. ಮೂಲೆಯಲ್ಲಿ ಮಜ್ಜಿಗೆ ಕಡೆಯುವ ಕಂಬ. ಅಕ್ಕ ಮಣೆಯ ಮೇಲೆ ಕೂತು ಕಡೆಗೋಲಿನ ಹಗ್ಗದ ಎರಡೂ ತುದಿ ಹಿಡಿದು ಎಳೆಯತೊಡಗಿದಳು. ಕೈಗಳು ಹೊಟ್ಟೆಯ ಎತ್ತರದಲ್ಲೇ ಹೋಗಿ ಬರುತ್ತಿದ್ದವು, ಭುಜ ಅಲುಗುತ್ತಲೇ ಇರಲಿಲ್ಲ. "ದಿನಾ ಅರ್ಧ ಗಂಟೆ ಕಡಿತೆ. ಎಂತ ನೋವೂ ಇಲ್ಲೆ. ಪಂಪನ್ನೂ ಹಿಂಗೇ ಮಾಡು. ಆನು ಕೂತ್ಗಂಡು ಎಳೆಯಕ್ಕು, ಕೈ ಎದೆಗಿಂತ ಮೇಲೆ ಹೋಪಲಾಗ."

"ಇದನ್ನ ಮೊದಲೇ ಹೇಳಲೆ ಆಗ್ತಿರ್ಲಿಲ್ಯ?"

"ಕೇಳಿದ್ಯ?"

ಟೇಪು ತೆಗೆದು ಅಳತೆ ಹಿಡಿದೆ. ಸ್ಟೂಲಿನ ಮೇಲೆ ಕೂತರೆ ಮಡಿಲಿನಿಂದ ಎದೆಯವರೆಗೆ ಎಷ್ಟು, ಕಾಲು ಊರಲು ಎಷ್ಟು ಎಂದು ಬರೆದುಕೊಳ್ಳುತ್ತಿದ್ದಾಗ ಅಕ್ಕ ತಾನಾಗೇ ಮಾತಾಡಿದಳು. "ಮನೆಲ್ಲಿ ಎಲ್ಲದೂ ಮತ್ತೊಬ್ಬರು ಹೇಳಿದಂಗೇ ಆಗವು, ತಮಾ. ಅತ್ತೆ ಇದ್ದಾಗ ಅತ್ತೆ, ಈಗ ಇವ್ರು. ಗದ್ದೆಲ್ಲಿ ಮಾತ್ರ ಆನು ಹೇಳಿದಲ್ಲಿ ಬದನೆ ಏಳ್ತು. ಅದೂ ಹೋದ್ರೆ ಯಂಗೆ ಎಂತ ಉಳತ್ತು?" ನಾನು ಟೇಪು ಮತ್ತೆ ಬಿಚ್ಚಿ, ಬರೆದುಕೊಂಡ ಅಳತೆಯನ್ನೇ ಇನ್ನೊಮ್ಮೆ ಹಿಡಿದೆ.

ಹೊಂಡದ ಮೇಲೆ ಮೂರು ಬಿದಿರು ನಿಲ್ಲಿಸಿ ರಾಟೆ ಕಟ್ಟಿದೆ. ಒಳಪೈಪಿನ ತಲೆಗೆ ಹಗ್ಗ ಬಿಗಿದು, ರಾಟೆಯ ಮೇಲಿಂದ ತಂದು ಸ್ಟೂಲಿನ ಮುಂದೆ ಇಳಿಬಿಟ್ಟೆ. ಎಳೆದರೆ ನೀರು ಮೇಲೆ, ಸಡಿಲ ಬಿಟ್ಟರೆ ಪೈಪು ತಾನೇ ಕೆಳಗೆ ಇಳಿಯಲು ಸುಟ್ಟ ಮೋಟರಿನ ಶಾಫ್ಟಿನ ತುಂಡೊಂದನ್ನು ಭಾರಕ್ಕೆ ಸೇರಿಸಿದೆ. ಅಕ್ಕ ಎಳೆದಳು. "ಭಾರ" ಎಂದಳು. ಎರಡಿಂಚಿನ ಪೈಪು ಬಿಟ್ಟು ಒಂದೂವರೆ ಇಂಚಿಗೆ ಇಳಿದೆ. "ಹಗ್ಗ ಕೈ ಕೊರೀತು" ಎಂದಳು. ಹಗ್ಗದ ತುದಿಗೆ ಮರದ ಹಿಡಿ ಹಾಕಿದೆ. "ಸ್ಟೂಲು ಎತ್ತರ ಆತು." ಕಾಲು ಕೊಯ್ದೆ. ನನ್ನ ಜನ್ಮದಲ್ಲಿ ಇಷ್ಟು ತಕರಾರಿನ ಗಿರಾಕಿ ನೋಡಿದ್ದಿಲ್ಲ. ಶಿರಸಿಯಿಂದ ಐದು ಸಲ ಓಡಾಡಿದೆ. ಐದನೇ ಸಲ ತಕರಾರು ಮುಗಿದಿತ್ತು. ಕೂತು ಎಳೆಯುತ್ತಲೇ ಇದ್ದಳು. ಒಂದು ಎಳೆತಕ್ಕೆ ಅರ್ಧ ತಂಬಿಗೆ ನೀರು. ಅದು ಪೈಪಿನಲ್ಲಿ ಇಳಿದು, ಸಾಲಿನಲ್ಲಿ ಹರಿದು, ಮೊದಲ ಬದನೆಯ ಬುಡ ಮುಟ್ಟುವ ತನಕ ನಾವಿಬ್ಬರೂ ಅದನ್ನೇ ನೋಡಿದೆವು.

ನೋಡಲು ಬರುವವರಿಗೂ ಅಕ್ಕನೇ ಔಷಧ ಕಂಡುಹಿಡಿದಳು. ನೀರು ಹಾಯಿಸಿದ ಕೂಡಲೇ ಹಗ್ಗ ಬಿಚ್ಚಿ ಮನೆಗೆ ಒಯ್ಯುವುದು. ಬಂದವರು ಮೂರು ಬಿದಿರು, ಒಂದು ಪೈಪು ನೋಡಿ, ಇಷ್ಟೇನಾ ಎಂದುಕೊಂಡು ಗದ್ದೆಯಿಂದಲೇ ವಾಪಸಾದರು.

ಆ ಬೇಸಿಗೆ ಬೆಳೆ ಬಂತು. ಭಾವ ದಿನಾ ಎರಡು ಹೊತ್ತು ಆ ಸೌತೆಕಾಯಿಯ ತಂಬುಳಿ ಸುರಿದುಕೊಂಡು ಉಂಡರು. ಆದರೆ ಅಡಿಕೆಯ ಮಾತು ಬಿಟ್ಟಿರಲಿಲ್ಲ. ಮೇ ತಿಂಗಳಲ್ಲಿ ಹೊಂಡದ ನೀರು ಪಾತಾಳಕ್ಕಿಳಿದಾಗ ಅವರಿಗೆ ಬಲ ಬಂತು. "ಈ ವರ್ಷ ಹೆಂಗೋ ನೆಡದತ್ತು. ಬಪ್ಪ ವರ್ಷ ಹೊಂಡ ಬತ್ತಿದ್ರೆ ಪಂಪ್ ಎಂತ ಮಾಡ್ತು? ಆಳಿಗೂ ಹೇಳಿ ಆಯ್ದು. ಗುಂಡಿ ತೋಡ್ಸದೇಯ." ಅಕ್ಕ ಹಗ್ಗ ತೆಗೆದುಕೊಂಡು ಗದ್ದೆಗೆ ಇಳಿದುಬಿಟ್ಟಳಂತೆ.

ಆಳುಗಳು ಬಂದ ಬೆಳಗ್ಗೆ ನಾನು ವಾಶರು ಬದಲಿಸಲು ಅಲ್ಲೇ ಇದ್ದೆ. ಅಕ್ಕ ಸ್ಟೂಲಿನ ಮೇಲೆ ಕೂತು ನೀರು ಎಳೆಯುತ್ತಿದ್ದಳು. ನಾಲ್ಕು ಜನ ಗುದ್ದಲಿ, ಬುಟ್ಟಿ ಹಿಡಿದು ಇಳಿದು ಬಂದರು. ಮುಂದೆ ಇದ್ದ ಹಿರಿಯ ಈ ಗದ್ದೆಯಲ್ಲೇ ನಾಟಿ ಮಾಡಿ ತಲೆ ಹಣ್ಣಾದವನು. ಅವರ ಹಿಂದೆ ಭಾವ. ಆಗಷ್ಟೇ ಕವಳ ಹಾಕಿದ್ದರು. ಎಲೆ, ಅಡಿಕೆ, ತಂಬಾಕು ಎಲ್ಲ ಸೇರಿ ಬಾಯಿ ತುಂಬಿದರೆ ನಮ್ಮ ಕಡೆಯ ಗಂಡಸರು ಹತ್ತು ನಿಮಿಷ ಮೂಕರು. ಭಾವ ಗದ್ದೆಯತ್ತ ಕೈ ಬೀಸಿ "ಹ್ಮ್, ಹ್ಮ್" ಎಂದರು.

ಹಿರಿಯನಿಗೆ ಅರ್ಥವಾಗಲಿಲ್ಲ. ಅವನು ಅಕ್ಕನ ಕಡೆ ತಿರುಗಿದ. "ಎಲ್ಲಿಂದ ಸುರು ಮಾಡೂದ್ರಾ ಅಮ್ಮಾ?"

ಅಕ್ಕನ ಕೈ ನಿಂತಿತು. ಆ ಗದ್ದೆಯ ಬಗ್ಗೆ ಅವಳನ್ನು ಹಾಗೆ ಯಾರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ.

"ಇಲ್ಲಿ" ಎಂದಳು. "ಈ ಹೊಂಡದಿಂದ ಎಂಟು ಹೆಜ್ಜೆ ಆಚೆ. ಇನ್ನೊಂದು ಹೊಂಡ ತೋಡಿ. ಎರಡು ಹೊಂಡ ಇದ್ರೆ ಮೇ ತಿಂಗಳೂ ದಾಟ್ತದೆ."

"ಅಡಿಕೆ ಗುಂಡಿ ಅಲ್ವನ್ರಾ?"

"ಅಲ್ಲ."

ಭಾವನ ಕಣ್ಣು ಅಗಲವಾಯಿತು. ಕೈ ಆಡಿಸಿದರು, "ಹ್ಮ್!" ಎಂದರು, ಮಾತಾಡಬೇಕೆಂದರೆ ಉಗಿಯಬೇಕು, ಅಕ್ಕನ ಹರಿವೆ ಮಡಿಯಲ್ಲಿ ಉಗಿಯುವ ಧೈರ್ಯ ಅವರಿಗಿಲ್ಲ. ಪಂಚೆ ಎತ್ತಿಕೊಂಡು ಬೇಲಿಯ ತನಕ ಓಡಿದರು. ಉಗಿದು, ಬಾಯಿ ಒರೆಸಿಕೊಂಡು ಬರುವಷ್ಟರಲ್ಲಿ ಮಂಡಿ ಮುಳುಗುವಷ್ಟು ಮಣ್ಣು ಎದ್ದಿತ್ತು.

ಭಾವ ತೋಡಿದ ಜಾಗ ನೋಡಿದರು, ಅಕ್ಕನನ್ನು ನೋಡಿದರು. ಅಕ್ಕ ಕಣ್ಣು ತೆಗೆಯದೆ ಅವರನ್ನೇ ನೋಡಿದಳು. ಕೊನೆಗೆ ಭಾವ ಗಂಟಲು ಸರಿ ಮಾಡಿಕೊಂಡು ಆಳುಗಳಿಗೆ ಹೇಳಿದರು: "ಇನ್ನೂ ಸ್ವಲ್ಪ ಅಗಲ ತೋಡ್ರೋ, ಅಂಚು ಕುಸಿತದೆ."

"ಅಗಲ ಎಷ್ಟು ಹೇಳಿ ಆನು ಹೇಳ್ತೆ" ಎಂದಳು ಅಕ್ಕ ಗಂಡನಿಗೆ. "ನಿಂಗ ಆ ಮಣ್ಣು ಹೊತ್ತು ಆಚೆ ಹಾಕಿ."

ಭಾವ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಅವರು ಪಂಚೆ ಮೇಲೆ ಕಟ್ಟಿ, ಬುಟ್ಟಿ ಎತ್ತಿಕೊಂಡರು. ಅಕ್ಕ ನನ್ನ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ ನಾನೂ ಒಂದು ಬುಟ್ಟಿ ಹಿಡಿದುಕೊಂಡೆ.